ಹನ್ನೆರಡು ಸಾವಿರ ಖಾತೆಗಳ ಅಂದಾಜು

ವರದಾ ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮದ್ದೇ ಒಂದು ದೊಡ್ಡ ಆಸ್ಪತ್ರೆ. ಸುತ್ತಲ ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಸಣ್ಣ ದವಾಖಾನೆಗಳು.

ಹಳ್ಳಿಯ ನರ್ಸ್‌ಗಳು ರೋಗಿಯ ಇಸಿಜಿ ತೆಗೆದು ಮೇಲ್‌ನಲ್ಲಿ ಕಳಿಸುತ್ತಿದ್ದರು. ಆಸ್ಪತ್ರೆಯ ಡಾಕ್ಟರು ನೋಡಿ ಉತ್ತರ ಬರೆಯುತ್ತಿದ್ದರು. ಆ ಮೇಲ್‌ಗಳೆಲ್ಲ ಹಾದುಹೋಗುತ್ತಿದ್ದ ಸರ್ವರ್ ಆಶ್ರಮದ ಹಿಂಭಾಗದ ಒಂದು ಕೋಣೆಯಲ್ಲಿತ್ತು.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಕಾತ್ಯಾಯಿನಿ ತಾಯಿ. ಮೈಸೂರಿನ ಕಡೆಯವರು. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಜಿನಿಯರ್ ಆಗಿದ್ದು, ನಿವೃತ್ತರಾದ ಮೇಲೆ ಆಶ್ರಮ ಸೇರಿದ್ದರು. ಬೆಳಗ್ಗೆ ಧ್ಯಾನ ಕಲಿಸುತ್ತಿದ್ದರು, ಮಧ್ಯಾಹ್ನ ಕೇಬಲ್ ಜೋಡಿಸುತ್ತಿದ್ದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿಕೊಡುತ್ತಿದ್ದರು.

ಅವರ ಶಿಷ್ಯ ರುದ್ರಮುನಿ. ವಯಸ್ಸು ನಲವತ್ತರ ಮೇಲೆ. ಗೋಕಾಕದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ವಿಭಾಗ ನಡೆಸಿ ಬಂದವನು. ಲೆಕ್ಕದಲ್ಲಿ ಚುರುಕು. ತಾನು ಚುರುಕು ಎಂಬುದು ಅವನಿಗೆ ಗೊತ್ತಿತ್ತು.

ಒಂದು ದಿನ ತಾಯಿ ಅವನನ್ನು ಕರೆದರು.

“ಜೂನ್ ತಿಂಗಳಿಂದ ಆಶ್ರಮದ ಶಾಲೆಗಳೂ ನಮ್ಮ ಮೇಲ್‌ಗೆ ಸೇರುತ್ತವೆ. ಈಗ ನಾಲ್ಕು ಸಾವಿರ ಖಾತೆ ಇವೆ. ಆಗ ಹನ್ನೆರಡು ಸಾವಿರ. ಹೊಸ ಸರ್ವರ್‌ಗೆ ಎಷ್ಟು ಡಿಸ್ಕ್ ಬೇಕು? ಅಂದಾಜು ಮಾಡು. ಹದಿನೈದು ದಿನಕ್ಕೆ ಟ್ರಸ್ಟಿನ ಸಭೆ.”

“ಹದಿನೈದು ದಿನ ಯಾಕ್ರಿ ತಾಯಿ?” ಎಂದ ರುದ್ರಮುನಿ. “ನಾಳೆ ಕೊಡ್ತೀನಿ.”

ಮರುದಿನ ಹಾಳೆ ತಂದ.

“ಒಂದು ಖಾತೆಗೆ ಒಂದು ಜಿಬಿ. ಹನ್ನೆರಡು ಸಾವಿರ ಖಾತೆಗೆ ಹನ್ನೆರಡು ಸಾವಿರ ಜಿಬಿ. ಒಂದು ಕೆಟ್ಟರ ಇನ್ನೊಂದು ಇರಲಿ ಅಂತ ಎಲ್ಲಾದಕ್ಕೂ ಜೋಡಿ ಪ್ರತಿ. ನಾಲ್ಕು ಸಾವಿರ ಜಿಬಿಯ ದೊಡ್ಡ ಡಿಸ್ಕ್ ಆರು ತಗೊಂಡ್ರ ಮುಗೀತ್ರಿ.”

ತಾಯಿ ಹಾಳೆಯ ಹಿಂಬದಿ, ಮುಂಬದಿ ಎರಡೂ ನೋಡಿದರು. ಮಡಚಿ ಅವನ ಕೈಗೇ ಕೊಟ್ಟರು.

“ಇದರಲ್ಲಿ ಜಾಗ ಇದೆ. ಹೊತ್ತು ಎಲ್ಲಿ?”

“ಹೊತ್ತು ಅಂದ್ರ?”

ತಾಯಿ ಎದ್ದು ಹೋದರು. ಸ್ವಲ್ಪ ಹೊತ್ತಿನ ಮೇಲೆ ಕೆಟ್ಟುಹೋದ ಒಂದು ಹಳೆಯ ಡಿಸ್ಕನ್ನೂ ಒಂದು ಸ್ಕ್ರೂಡ್ರೈವರನ್ನೂ ತಂದು ಅವನ ಮುಂದೆ ಇಟ್ಟರು.

“ಬಿಚ್ಚು.”

ಅವನು ಬಿಚ್ಚಿದ. ಕೆಲಸಕ್ಕೆ ಸೇರಿದ ಮೊದಲ ವರ್ಷದಿಂದ ಡಿಸ್ಕ್‌ಗಳನ್ನು ಕಂಡಿದ್ದ. ಒಳಗೆ ನೋಡಿದ್ದು ಅದೇ ಮೊದಲು. ಕನ್ನಡಿಯಂಥ ತಟ್ಟೆಗಳು, ಅವುಗಳ ಮೇಲೆ ಚಾಚಿಕೊಂಡ ಒಂದು ಕೈ.

“ಕೈ ಎಷ್ಟಿದೆ?”

“ಒಂದು.”

“ನಾಲ್ಕು ಸಾವಿರ ಜಿಬಿಯ ಡಿಸ್ಕಿಗೆ?”

ರುದ್ರಮುನಿ ತಡೆದು ಹೇಳಿದ. “ಅದಕ್ಕೂ ಒಂದ ಇರ್ತೈತ್ರಿ.”

ಆಗಿನ್ನೂ ತಿರುಗುವ ಡಿಸ್ಕ್‌ಗಳ ಕಾಲ. ಆ ಕೈ ಒಬ್ಬರ ಮೇಲ್ ಇರುವ ಕಡೆ ಹೋಗಬೇಕು, ಓದಬೇಕು, ಇನ್ನೊಬ್ಬರದು ಇರುವ ಕಡೆ ಹೋಗಬೇಕು, ಬರೆಯಬೇಕು. ಒಂದು ಸೆಕೆಂಡಿಗೆ ಎಪ್ಪತ್ತೈದು ಸಲ ಹೋಗಿಬಂದರೆ ಅದೇ ಹೆಚ್ಚು. ಜಾಗ ಎಷ್ಟೇ ದೊಡ್ಡದಿರಲಿ, ಕೈ ಅಷ್ಟೇ.

ರುದ್ರಮುನಿ ಹಾಳೆಯನ್ನು ಜೇಬಿಗೆ ಹಾಕಿಕೊಂಡ.

ಎರಡು ದಿನ ಕಳೆದು ಮತ್ತೆ ಬಂದ. ಈ ಸಲ ಮುಖದಲ್ಲಿ ಕಳೆ ಇತ್ತು.

“ಹೊತ್ತಿನ ಲೆಕ್ಕಾನೂ ಹಾಕೀನ್ರಿ ತಾಯಿ. ಈಗಿನ ಸರ್ವರ್‌ದಾಗ ಒಂದು ದಿನಕ್ಕ ಅರವತ್ತಾರೂವರೆ ಲಕ್ಷ ಸಲ ಓದು-ಬರಹ ಆಗ್ತೈತಿ. ದಿನದ ಸೆಕೆಂಡಿನಿಂದ ಭಾಗಿಸಿದ್ರ ಸೆಕೆಂಡಿಗೆ ಎಪ್ಪತ್ತೇಳು. ಖಾತೆ ಮೂರು ಪಟ್ಟು ಆದ್ರ ಇನ್ನೂರಾ ಮೂವತ್ತೊಂದು. ಆರು ಡಿಸ್ಕ್ ಸೆಕೆಂಡಿಗೆ ನಾನೂರೈವತ್ತು ಮಾಡ್ತಾವ. ಬೇಕಾದ್ದಕ್ಕಿಂತ ಎರಡು ಪಟ್ಟು ಸಾಮರ್ಥ್ಯ. ಆರ ಸಾಕ್ರಿ.”

“ಎಪ್ಪತ್ತೇಳು,” ಎಂದರು ತಾಯಿ.

“ಹೌದ್ರಿ. ಸರಾಸರಿ.”

“ಅದು ಬಂದ ಹೊತ್ತು ತೋರಿಸು ನನಗೆ.”

ಇಬ್ಬರೂ ಸರ್ವರ್ ಕೋಣೆಗೆ ಹೋದರು. ರುದ್ರಮುನಿ ಹಿಂದಿನ ದಿನದ ದಾಖಲೆ ತೆಗೆದು, ನಿಮಿಷ ನಿಮಿಷದ ಅಂಕಿಗಳಲ್ಲಿ ಎಪ್ಪತ್ತೇಳನ್ನು ಹುಡುಕಿದ.

ಬೆಳಗ್ಗೆ ಏಳು ಐವತ್ತೆರಡಕ್ಕೆ ಒಂದು ನಿಮಿಷ ಸಿಕ್ಕಿತು. ಅಂಕಿ ಮೇಲೆ ಏರುತ್ತ ಹೋಗುವಾಗ ಎಪ್ಪತ್ತೇಳನ್ನು ದಾಟಿತ್ತು. ಸಂಜೆ ಆರರ ಸುಮಾರಿಗೆ ಇಳಿಯುವಾಗ ಇನ್ನೊಂದು ನಿಮಿಷ. ಮತ್ತೆಲ್ಲೂ ಇರಲಿಲ್ಲ.

“ದಿನಕ್ಕೆ ಎರಡು ನಿಮಿಷಕ್ಕಾಗಿ ಸರ್ವರ್ ಕೊಳ್ಳೋಣವಾ?” ಎಂದರು ತಾಯಿ.

ರುದ್ರಮುನಿ ದಾಖಲೆ ಮುಚ್ಚಿದ.

“ನಾಳೆ ಕೆಂಚನಕೊಪ್ಪದ ದವಾಖಾನೆಗೆ ಹೋಗು. ಎಂಟೂವರೆ ಒಳಗೆ ಅಲ್ಲಿರಬೇಕು. ಲ್ಯಾಪ್‌ಟಾಪ್ ಬೇಡ. ಗಡಿಯಾರ ಕಟ್ಟಿಕೊಂಡು ಹೋಗು.”

ಅವನು ಮೊದಲನೇ ಬಸ್ಸಿಗೆ ಹೊರಟ.

ಕೆಂಚನಕೊಪ್ಪದ ದವಾಖಾನೆ ಎಂದರೆ ಎರಡು ಕೋಣೆ, ಒಂದು ಕಟ್ಟೆ. ನರ್ಸ್ ಗೌರವ್ವ ಬಾಗಿಲು ತೆಗೆದು ಕಸ ಹೊಡೆದು ಕಂಪ್ಯೂಟರ್ ಹಚ್ಚಿದಳು. ಆಶ್ರಮದಿಂದ ಬಂದವನೆಂದು ತಿಳಿದು ಒಂದು ಸ್ಟೂಲ್ ಹಾಕಿದಳು.

“ಮೇಲ್ ನೋಡಾಕ ಬಂದೀರೇನ್ರಿ? ಛಲೋ ಆತು. ಕುಂದರ್ರಿ, ತೋರಸ್ತೀನಿ.”

ಎಂಟೂವರೆಗೆ ನಿಂಗವ್ವ ಎಂಬ ಹೆಂಗಸು ಬಂದಳು. ಐವತ್ತೈದರ ಆಸುಪಾಸು. ಬೆಳಗ್ಗೆಯಿಂದ ಎಡಗೈ ಜೋಮು ಹಿಡಿದಿದೆ, ದವಡೆ ಸೆಳೆಯುತ್ತಿದೆ ಎಂದಳು. ಹಣೆಯ ಮೇಲೆ ಬೆವರು.

ಗೌರವ್ವ ಅವಳನ್ನು ಮಲಗಿಸಿ ಮಾತ್ರೆ ಕೊಟ್ಟು ಇಸಿಜಿ ತೆಗೆದಳು. ಕಾಗದವನ್ನು ಸ್ಕ್ಯಾನ್ ಮಾಡಿ ಮೇಲ್‌ಗೆ ಹಚ್ಚಿ ಕಳಿಸುವ ಗುಂಡಿ ಒತ್ತಿದಳು.

ಎಂಟು ನಲವತ್ತೊಂದು.

ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗತೊಡಗಿತು.

“ಲಗೂನ ಕಳಸವ್ವಾ,” ಎಂದಳು ನಿಂಗವ್ವ. “ಎಮ್ಮಿ ಹಿಂಡೂದೈತಿ.”

“ಎಮ್ಮಿ ನಾಳೆ ಹಿಂಡೀಯಂತ. ಸುಮ್ನ ಮಲಕೊ,” ಎಂದಳು ಗೌರವ್ವ.

ಎಂಟು ನಲವತ್ತೊಂಬತ್ತು. ಚಕ್ರ ತಿರುಗುತ್ತಲೇ ಇತ್ತು.

ಗೌರವ್ವ ಫೋನ್ ಮಾಡಿದಳು. ಆಸ್ಪತ್ರೆಯ ಡಾಕ್ಟರು ಹೇಳಿದ್ದು ರುದ್ರಮುನಿಗೂ ಕೇಳಿಸಿತು. “ನನಗೆ ಏನೂ ಬಂದಿಲ್ಲಮ್ಮ. ಇಸಿಜಿ ನೋಡದೆ ಜೀಪ್ ಹೇಗೆ ಕಳಿಸಲಿ? ಆರು ಹಳ್ಳಿಗೆ ಇರೋದು ಒಂದೇ ಜೀಪು.”

“ದಿನಾ ಹಿಂಗ ಏನವ್ವಾ?” ಎಂದು ರುದ್ರಮುನಿ ಕೇಳಿದ.

“ದಿನಾ ಹಿಂಗರೀ. ಮುಂಜಾನೆ ಎಲ್ಲಾ ದವಾಖಾನಿ ಒಮ್ಮೆ ತಗೀತಾವು, ಎಲ್ಲಾರೂ ಒಮ್ಮೆ ಕಳಸ್ತಾರು. ಮಧ್ಯಾಹ್ನ ಕಳಸಿದ್ರ ಕಣ್ಣ ಮುಚ್ಚಿ ತಗಿಯೂದ್ರಾಗ ಹೋಗ್ತೈತಿ. ಆದ್ರ ಎದಿನೋವು ಮಧ್ಯಾಹ್ನದ ತನಕ ಕಾಯೂದಿಲ್ಲಲ್ರಿ.”

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಊರಿಗೆ ಬಸ್ಸು ತಡವಾಗಿ ಬರುತ್ತದೆ ಎನ್ನುವ ಹಾಗೆ ಹೇಳಿದಳು.

ರುದ್ರಮುನಿ ಗಡಿಯಾರ ನೋಡಿದ. ಪರದೆ ನೋಡಿದ. ಮತ್ತೆ ಗಡಿಯಾರ ನೋಡಿದ. ನಿಂಗವ್ವನನ್ನು ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಒಂಬತ್ತು ಏಳಕ್ಕೆ ಮೇಲ್ ಹೋಯಿತು. ಒಂಬತ್ತು ಒಂಬತ್ತಕ್ಕೆ ಡಾಕ್ಟರೇ ಫೋನ್ ಮಾಡಿದರು. “ಕೂಡಲೇ ಕರೆದುಕೊಂಡು ಬನ್ನಿ. ಜೀಪ್ ಹೊರಟಿದೆ.”

ಜೀಪು ಬಂದಾಗ ನಿಂಗವ್ವನನ್ನು ಎತ್ತಿ ಕೂರಿಸಿದವನು ರುದ್ರಮುನಿ. ಅವಳ ಪಕ್ಕದಲ್ಲೇ ಕೂತು ಬಂದ. ದಾರಿಯಲ್ಲಿ ಅವಳು ಎರಡೇ ಸಲ ಮಾತಾಡಿದಳು. ಎರಡೂ ಸಲ ಎಮ್ಮೆಯ ವಿಷಯ.

ಸಂಜೆ ಡಾಕ್ಟರು ಹೊರಗೆ ಬಂದು ಹೇಳಿದರು. “ಬದುಕಿದರು. ಅರ್ಧ ಗಂಟೆ ಮೊದಲು ಬಂದಿದ್ದರೆ ಹೃದಯಕ್ಕೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ.”

ಅರ್ಧ ಗಂಟೆ ಅಲ್ಲ, ಇಪ್ಪತ್ತಾರು ನಿಮಿಷ ಎಂದು ರುದ್ರಮುನಿ ಮನಸ್ಸಿನಲ್ಲೇ ಅಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ಅವನು ಆ ದಿನ ತಾಯಿಯ ಬಳಿ ಹೋಗಲಿಲ್ಲ. ನೇರವಾಗಿ ಸರ್ವರ್ ಕೋಣೆಗೆ ಹೋಗಿ ಬೆಳಗಿನ ದಾಖಲೆ ತೆಗೆದ.

ಎಂಟೂವರೆಯಿಂದ ಅಂಕಿ ಏರಿತ್ತು. ನೂರೈವತ್ತು, ಇನ್ನೂರೈವತ್ತು, ಮುನ್ನೂರು. ಹಳೆಯ ಸರ್ವರ್‌ನ ಶಕ್ತಿ ಅಲ್ಲಿಗೆ ಮುಗಿದಿತ್ತು. ಆಮೇಲೆ ಬಂದ ಮೇಲ್‌ಗಳೆಲ್ಲ ಸಾಲಿನಲ್ಲಿ ನಿಂತಿದ್ದವು. ಒಟ್ಟು ಬೇಡಿಕೆ ಸೆಕೆಂಡಿಗೆ ನಾನೂರು ಮುಟ್ಟಿತ್ತು.

ಎಂಟು ನಲವತ್ತೈದಕ್ಕೆ ಸಾಲು ಒಮ್ಮೆಲೇ ಉದ್ದವಾಗಿತ್ತು. ಯಾಕೆಂದು ನೋಡಿದ. ಒಂದೇ ಒಂದು ಮೇಲ್, ನಾಲ್ಕು ಸಾವಿರ ಖಾತೆಗಳಿಗೂ ಹೋಗಿತ್ತು. ಅದರೊಳಗೆ ನದಿಯ ಮೇಲೆ ಸೂರ್ಯ ಹುಟ್ಟುವ ದೊಡ್ಡದೊಂದು ಚಿತ್ರ. ಚಿತ್ರದ ಕೆಳಗೆ ದಿನದ ಚಿಂತನ.

ಬರೆದವರು ಕಾತ್ಯಾಯಿನಿ ತಾಯಿ.

ಅದನ್ನು ಕಳಿಸುವ ಹೊತ್ತು ಗೊತ್ತುಮಾಡಿದವನು ರುದ್ರಮುನಿಯೇ. ಎಲ್ಲರೂ ಮೇಲ್ ತೆಗೆಯುವ ಹೊತ್ತಿಗೆ ಹೋದರೆ ಎಲ್ಲರೂ ಓದುತ್ತಾರೆ ಎಂದು ಯೋಚಿಸಿ, ಎಂಟು ನಲವತ್ತೈದು ಎಂದು ಆರಿಸಿದ್ದ. ಆ ಯೋಚನೆಗೆ ತನ್ನ ಬೆನ್ನು ತಾನೇ ತಟ್ಟಿಕೊಂಡದ್ದೂ ನೆನಪಾಯಿತು.

ಬೆಳಗಾದ ಮೇಲೆ ತಾಯಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ನಿಂಗವ್ವನದು, ಚಕ್ರದ್ದು, ಇಪ್ಪತ್ತಾರು ನಿಮಿಷದ್ದು. ಕಡೆಗೆ ಚಿಂತನದ್ದು.

ತಾಯಿ ಕೇಳಿದರು.

“ನಿನ್ನೆಯ ಚಿಂತನ ಯಾವುದರ ಬಗ್ಗೆ ಇತ್ತು?”

ರುದ್ರಮುನಿ ನೆಲ ನೋಡಿದ. “ತಾಳ್ಮಿ ಬಗ್ಗೆ ಇತ್ರಿ.”

ತಾಯಿ ನಗಲಿಲ್ಲ. ಎದ್ದು ಸರ್ವರ್ ಕೋಣೆಗೆ ನಡೆದರು. ಅವನೂ ಹಿಂದೆ ಹೋದ.

“ನಿಲ್ಲಿಸು ಅದನ್ನ.”

ನಿಲ್ಲಿಸಿದ. “ರಾತ್ರಿ ಎಂಟಕ್ಕ ಹಾಕ್ಲೇನ್ರಿ? ಆಗ ಸರ್ವರ್ ಖಾಲಿ ಇರ್ತೈತಿ.”

“ಬೇಡ. ಊಟದ ಮನೆ ಬಾಗಿಲಲ್ಲಿ ಬೋರ್ಡ್ ಇದೆಯಲ್ಲ, ಅಲ್ಲಿ ಬರೆಯುತ್ತೇನೆ.”

“ನಾಲ್ಕು ಸಾವಿರ ಮಂದಿ ಓದ್ತಿದ್ರಿ ತಾಯಿ.”

“ನಾಲ್ಕು ಸಾವಿರ ಮಂದಿಗೆ ಹೋಗುತ್ತಿತ್ತು,” ಎಂದರು ತಾಯಿ.

ಮರುದಿನ ಬೆಳಗ್ಗೆ ಬೇಡಿಕೆ ಮುನ್ನೂರಿಪ್ಪತ್ತಕ್ಕೆ ನಿಂತಿತು. ಸಾಲು ಅರ್ಧಕ್ಕಿಂತ ಕಡಿಮೆಯಾಯಿತು. ಗೌರವ್ವ ಫೋನ್ ಮಾಡಿ, “ಏನ್ ಮಾಡಿದ್ರೀ? ಐದ ನಿಮಿಷದಾಗ ಹೋತು!” ಎಂದಳು.

ರುದ್ರಮುನಿಗೆ ಜೀವ ಬಂದ ಹಾಗಾಯಿತು. ಹಾಳೆ ಪೆನ್ನು ಹಿಡಿದು ತಾಯಿಯ ಬಳಿ ಓಡಿದ.

“ಈಗ ಸರಿ ಲೆಕ್ಕ ಸಿಕ್ತ್ರಿ. ಮುನ್ನೂರಿಪ್ಪತ್ತರ ಮೂರು ಪಟ್ಟು. ಒಂಬೈನೂರಾ ಅರವತ್ತು.”

“ನಾನೂರರ ಮೂರು ಪಟ್ಟು, ಸಾವಿರದಿನ್ನೂರು ಅಂತ ಹಿಡಿ.”

“ಯಾಕ್ರಿ? ಚಿಂತನ ನಿಲ್ಲಿಸೀವಲ್ಲ.”

“ನಾನು ನಿಲ್ಲಿಸಿದೆ. ಜೂನ್‌ನಲ್ಲಿ ಹೊಸದಾಗಿ ಎಂಟು ಸಾವಿರ ಜನ ಬರುತ್ತಾರೆ. ಅವರಲ್ಲಿ ನನ್ನಂಥವಳು ಇನ್ನೊಬ್ಬಳು ಇರೋದಿಲ್ಲ ಅಂತ ಬರೆದು ಕೊಡುತ್ತೀಯಾ?”

ರುದ್ರಮುನಿ ಸಾವಿರದಿನ್ನೂರು ಎಂದು ಬರೆದ.

ಆಮೇಲೆ ಒಂದು ವಾರ ಅವನು ಸರ್ವರ್ ಬಿಟ್ಟು ಕದಲಲಿಲ್ಲ. ಊಟಕ್ಕೂ ತಟ್ಟೆ ಅಲ್ಲಿಗೇ ತರಿಸಿಕೊಂಡ. ಸೋಮವಾರ ಹೇಗಿರುತ್ತದೆ, ಸಂತೆಯ ದಿನ ಹೇಗಿರುತ್ತದೆ, ತಿಂಗಳ ಲಸಿಕೆಯ ವರದಿ ಕಳಿಸುವ ದಿನ ಹೇಗಿರುತ್ತದೆ, ಎಲ್ಲ ಬರೆದುಕೊಂಡ.

ತಾಯಿ ಒಮ್ಮೊಮ್ಮೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

“ಓದು ಎಷ್ಟು? ಬರಹ ಎಷ್ಟು?”

“ಹತ್ತರಾಗ ಆರು ಓದು, ನಾಲ್ಕು ಬರಹ ರೀ.”

“ಎರಡಕ್ಕೂ ಒಂದೇ ಕೆಲಸವಾ?”

ಅವನು ಯೋಚಿಸಿದ. ಓದುವುದಾದರೆ ಜೋಡಿಯಲ್ಲಿ ಒಂದು ಡಿಸ್ಕ್ ಓದಿದರೆ ಸಾಕು. ಬರೆಯುವುದಾದರೆ ಎರಡರ ಮೇಲೂ ಬರೆಯಬೇಕು. ಬರಹ ಒಂದಾದರೆ ಕೆಲಸ ಎರಡು.

ತಾಯಿ ಅಷ್ಟು ಹೊತ್ತಿಗೆ ಹೋಗಿಬಿಟ್ಟಿದ್ದರು. ರುದ್ರಮುನಿ ಹಾಳೆ ಹರಿದು ಹೊಸದು ತೆಗೆದ.

ಸಾವಿರದಿನ್ನೂರರಲ್ಲಿ ಓದು ಏಳುನೂರಿಪ್ಪತ್ತು. ಬರಹ ನಾನೂರೆಂಬತ್ತು, ಕೆಲಸ ಒಂಬೈನೂರಾ ಅರವತ್ತು. ಒಟ್ಟು ಸಾವಿರದಾರುನೂರಾ ಎಂಬತ್ತು. ಯಾವ ಕೈಯನ್ನೂ ಪೂರ್ತಿ ದುಡಿಸಬಾರದು, ಐದರಲ್ಲಿ ಒಂದು ಪಾಲು ಬಿಡುವು ಇರಲಿ ಎಂದರೆ ಎರಡು ಸಾವಿರದ ನೂರು. ಒಂದು ಡಿಸ್ಕಿಗೆ ಎಪ್ಪತ್ತೈದರಂತೆ ಇಪ್ಪತ್ತೆಂಟು ಡಿಸ್ಕ್.

ಆರಲ್ಲ. ಇಪ್ಪತ್ತೆಂಟು. ಅದೂ ದೊಡ್ಡವಲ್ಲ, ಸಾವಿರ ಜಿಬಿಯ ಸಣ್ಣವು.

ಸಭೆ ಕೂಡಿತು. ಟ್ರಸ್ಟಿನ ವ್ಯವಸ್ಥಾಪಕರು ಚನ್ನವೀರ ದೇಸಾಯರು. ದೊಡ್ಡ ಮನುಷ್ಯ, ದೊಡ್ಡ ದನಿ. ಹಾಳೆ ನೋಡಿ ಕನ್ನಡಕ ತೆಗೆದರು.

“ಏನಪಾ ರುದ್ರಮುನಿ, ಎರಡು ವಾರದ ಹಿಂದ ದಾರಿಯೊಳಗ ಸಿಕ್ಕಾಗ ಆರು ಸಾಕು ಅಂದಿದ್ದಿ?”

“ಅಂದಿದ್ದೆ ರೀ. ತಪ್ಪು ಹೇಳಿದ್ದೆ.”

“ಹನ್ನೆರಡು ಸಾವಿರ ಜಿಬಿ ಬೇಕು ಅಂತೀ. ಇಷ್ಟು ತಗೊಂಡ್ರ ಜಾಗ ಖಾಲಿ ಬೀಳ್ತೈತಲ್ಲ?”

“ಬೀಳ್ತೈತ್ರಿ. ನಾವು ಜಾಗಕ್ಕ ತಗೊಳ್ಳಾಕತ್ತಿಲ್ರಿ.”

“ಮತ್ತ್ಯಾತಕ್ಕ?”

ರುದ್ರಮುನಿ ತಾಯಿಯ ಕಡೆ ನೋಡಿದ. ತಾಯಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವನೇ ಹೇಳಬೇಕಾಯಿತು.

“ಕೆಂಚನಕೊಪ್ಪದಾಗ ಎದಿ ಹಿಡಕೊಂಡು ಬಂದ ಹೆಣಮಗಳು ಇಪ್ಪತ್ತಾರು ನಿಮಿಷ ಕಾದಳ್ರಿ. ನಮ್ಮ ಸರ್ವರ್‌ದಾಗ ಅವತ್ತೂ ಜಾಗ ಖಾಲಿ ಇತ್ತು. ಅರ್ಧಕ್ಕರ್ಧ ಖಾಲಿ ಇತ್ತು. ಅದರಿಂದ ಆಕಿಗೆ ಏನೂ ಉಪಯೋಗ ಆಗಲಿಲ್ಲ.”

ದೇಸಾಯರು ಕನ್ನಡಕ ಹಾಕಿಕೊಂಡರು. ಹಾಳೆಯನ್ನು ಇನ್ನೊಮ್ಮೆ ಮೊದಲಿಂದ ಓದಿದರು.

“ಖರೇ ಇಷ್ಟ ಬೇಕು ಅಂತ ತೋರಸ್ತೀಯೇನು?”

“ತೋರಸ್ತೀನ್ರಿ.”

“ತೋರಸು. ತೋರಿಸಿದ್ರ ಸಹಿ ಮಾಡ್ತೀನಿ.”

ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಪರೀಕ್ಷೆಗೆಂದು ಒಂದು ಸರ್ವರನ್ನೂ ಇಪ್ಪತ್ತೆಂಟು ಡಿಸ್ಕನ್ನೂ ಒಪ್ಪಂದದ ಮೇಲೆ ಕಳಿಸಿಕೊಟ್ಟ. ರುದ್ರಮುನಿ ಎರಡು ದಿನ ಕೂತು ಎಲ್ಲ ಜೋಡಿಸಿದ. ಹನ್ನೆರಡು ಸಾವಿರ ಜನ ಒಮ್ಮೆಲೇ ಮೇಲ್ ತೆಗೆದು ಓದಿ ಬರೆದು ಕಳಿಸಿದಂತೆ ನಟಿಸುವ ಒಂದು ಪ್ರೋಗ್ರಾಂ ಹಚ್ಚಿದ.

ತಾಯಿ ಬಂದು ಕುರ್ಚಿ ಎಳೆದುಕೊಂಡು ಕೂತರು.

ಪರದೆಯ ಮೇಲೆ ಒಂದು ಅಂಕಿ. ಒಂದು ಓದಿಗೋ ಬರಹಕ್ಕೋ ಡಿಸ್ಕ್ ಎಷ್ಟು ಕಾಯಿಸುತ್ತದೆ ಎಂದು ತೋರಿಸುವ ಅಂಕಿ. ಸೆಕೆಂಡಿನ ಸಾವಿರ ಪಾಲಿನಲ್ಲಿ ಇಪ್ಪತ್ತರ ಒಳಗಿದ್ದರೆ ಮೇಲ್ ಕಳಿಸುವವರಿಗೆ ತಡವೇ ಗೊತ್ತಾಗದು.

ಹನ್ನೆರಡು. ಹದಿಮೂರು. ಹನ್ನೆರಡು.

ರುದ್ರಮುನಿ ಕೈಕಟ್ಟಿ ನಿಂತ. “ನೋಡ್ರಿ ತಾಯಿ. ತುಂಬಿದ ಹೊತ್ತಿನೊಳಗ ಹನ್ನೆರಡು.”

“ಚೆನ್ನಾಗಿದೆ,” ಎಂದರು ತಾಯಿ.

ಎದ್ದು ಸರ್ವರ್ ಹತ್ತಿರ ಹೋದರು. ಸಾಲಾಗಿ ಹೊಳೆಯುತ್ತಿದ್ದ ಹಸಿರು ದೀಪಗಳನ್ನು ನೋಡಿದರು. ಒಂದರ ಹಿಡಿ ಒತ್ತಿ ಡಿಸ್ಕನ್ನು ಹೊರಗೆಳೆದು ಮೇಜಿನ ಮೇಲಿಟ್ಟರು.

“ತಾಯಿ! ಏನ್ ಮಾಡಿದ್ರಿ?”

“ಒಂದು ಡಿಸ್ಕ್ ಕೆಟ್ಟಿತು.”

“ಕೆಟ್ಟಿಲ್ರಿ! ನೀವು ಕಿತ್ತಿರಿ!”

“ಸರ್ವರ್‌ಗೆ ಆ ವ್ಯತ್ಯಾಸ ಗೊತ್ತಾಗುತ್ತಾ?”

ಪರದೆಯ ಅಂಕಿ ಏರತೊಡಗಿತು. ಇಪ್ಪತ್ತು. ಮೂವತ್ತೈದು. ಅರವತ್ತು. ತೊಂಬತ್ತು ದಾಟಿದಾಗ ರುದ್ರಮುನಿ ಕುರ್ಚಿ ಹಿಡಿದುಕೊಂಡ.

ಕೆಂಚನಕೊಪ್ಪದ ಚಕ್ರ ಮತ್ತೆ ಕಣ್ಣ ಮುಂದೆ ತಿರುಗಿತು.

ತಾಯಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ರುದ್ರಮುನಿಗೆ ಮೊದಲು ಸಿಟ್ಟು ಬಂತು. ಹದಿನೈದು ದಿನದ ಕೆಲಸವನ್ನು ಒಂದು ಬೆರಳಿಂದ ಕೆಡಿಸಿದರಲ್ಲ ಎನಿಸಿತು. ಆಮೇಲೆ ಹಾಳೆ ಎಳೆದುಕೊಂಡ.

ಡಿಸ್ಕ್‌ಗಳು ಜೋಡಿ ಜೋಡಿ. ಒಂದು ಹೋದರೆ ಅದರ ಪಾಲಿನ ಓದೆಲ್ಲ ಉಳಿದ ಒಂದರ ಮೇಲೆ ಬೀಳುತ್ತದೆ. ಲೆಕ್ಕ ಹಾಕಿದ. ಆ ಒಂದು ಡಿಸ್ಕಿನ ಮೇಲೆ ಸೆಕೆಂಡಿಗೆ ಎಂಬತ್ತಾರು. ಅದರ ಶಕ್ತಿ ಎಪ್ಪತ್ತೈದು. ಒಂದು ಕೈ ಸೋತರೆ ಅದರ ಹಿಂದೆ ಎಲ್ಲರೂ ನಿಲ್ಲಬೇಕು.

ತಾನು ಎಲ್ಲ ಡಿಸ್ಕ್‌ಗಳೂ ಆರೋಗ್ಯವಾಗಿರುವ ದಿನಕ್ಕೆ ಅಂದಾಜು ಮಾಡಿದ್ದೆ ಎಂಬುದು ಅವನಿಗೆ ಹೊಳೆಯಿತು.

ಹಾಳೆಯ ಮೇಲೆ ಮೂವತ್ತೆರಡು ಡಿಸ್ಕ್ ಹಾಕಿ ನೋಡಿದ. ಸರಿಯಾಗಿ ಎಪ್ಪತ್ತೈದು, ಉಸಿರಾಡಲು ಜಾಗವಿಲ್ಲ. ಮೂವತ್ತಾರು ಹಾಕಿದ. ಇನ್ನೂ ಬಿಗಿ. ನಲವತ್ತು ಹಾಕಿದ. ಒಂಟಿಯಾಗಿ ಉಳಿದ ಡಿಸ್ಕಿನ ಮೇಲೆ ಅರವತ್ತು. ಅದು ತಡೆಯುತ್ತದೆ.

ಹೊರಗೆ ಬಂದ.

“ನಲವತ್ತು ರೀ ತಾಯಿ. ಜೊತಿಗೆ ಬದಲಿ ಎರಡು.”

“ನನಗೆ ಹೇಳಬೇಡ. ಸರ್ವರ್‌ಗೆ ಹೇಳು.”

ಹುಬ್ಬಳ್ಳಿಗೆ ಫೋನ್ ಮಾಡಿ ಇನ್ನೂ ಹನ್ನೆರಡು ಡಿಸ್ಕ್ ತರಿಸಿದ. ಮತ್ತೆ ಜೋಡಿಸಿದ. ಈ ಸಲ ದೇಸಾಯರನ್ನೂ ಕರೆದ.

ಹನ್ನೆರಡು ಸಾವಿರ ಜನರ ನಟನೆ ಶುರುವಾಯಿತು. ಅಂಕಿ ಒಂಬತ್ತಕ್ಕೆ ನಿಂತಿತು. ಬೇಡಿಕೆ ತುದಿಗೆ ಏರುವ ತನಕ ರುದ್ರಮುನಿ ಕಾದ. ಏರಿದ ಮೇಲೆ ತಾನೇ ಹೋಗಿ ಒಂದು ಡಿಸ್ಕನ್ನು ಹೊರಗೆಳೆದ.

“ಏ ಏ ಏ!” ಎಂದರು ದೇಸಾಯರು.

“ನೋಡ್ತಿರ್ರಿ,” ಎಂದ ರುದ್ರಮುನಿ.

ಹನ್ನೊಂದು. ಹದಿನಾಲ್ಕು. ಹದಿನೇಳು. ಹದಿನೆಂಟಕ್ಕೆ ಹೋಗಿ ನಿಂತಿತು. ಅರ್ಧ ಗಂಟೆ ಕಾದರು. ಹದಿನೆಂಟನ್ನು ದಾಟಲಿಲ್ಲ.

ದೇಸಾಯರು ಜೇಬಿನಿಂದ ಪೆನ್ನು ತೆಗೆದು ಸಹಿ ಮಾಡಿದರು. ಪೆನ್ನು ಮುಚ್ಚುತ್ತ ಕೇಳಿದರು. “ಅಲ್ಲಪಾ, ಆ ಹೆಣಮಗಳು ಹೆಂಗದಾಳ?”

“ಮನಿಗೆ ಹೋಗ್ಯಾಳ್ರಿ. ಭಾರ ಎತ್ತಬ್ಯಾಡ ಅಂದಾರ. ಎತ್ತತಾಳಂತ.”

ಜೂನ್‌ನಲ್ಲಿ ಶಾಲೆಗಳು ಸೇರಿದವು. ಮೊದಲ ಸೋಮವಾರ ರುದ್ರಮುನಿ ಎಂಟು ಗಂಟೆಯಿಂದಲೇ ಪರದೆಯ ಮುಂದೆ ಕೂತ. ಸಾವಿರ ದಾಟಿತು. ಸಾವಿರದ ನೂರು. ಶಾಲೆಯೊಂದರ ಮುಖ್ಯೋಪಾಧ್ಯಾಯರು ಪ್ರಾರಂಭೋತ್ಸವದ ನಲವತ್ತು ಫೋಟೋಗಳನ್ನು ಎಲ್ಲರಿಗೂ ಕಳಿಸಿದರು. ಸಾವಿರದ ನೂರಾ ಎಂಬತ್ತು.

ಕಾಯುವ ಅಂಕಿ ಹತ್ತರಲ್ಲೇ ಇತ್ತು.

ರುದ್ರಮುನಿ ಆ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದ. ಮಕ್ಕಳು ಹಲ್ಲು ಬಿಟ್ಟು ನಗುತ್ತಿದ್ದರು. ಅವನಿಗೂ ನಗು ಬಂತು.

ಮಳೆ ಜೋರಾದ ಒಂದು ವಾರ ನಿಜವಾಗಿಯೇ ಒಂದು ಡಿಸ್ಕ್ ಕೆಟ್ಟಿತು. ಹೊತ್ತು ಒಂಬತ್ತಕ್ಕೆ ಐದು ನಿಮಿಷ ಇತ್ತು. ಹಸಿರು ದೀಪಗಳ ಸಾಲಿನಲ್ಲಿ ಒಂದು ಕೆಂಪಗಾಯಿತು. ಹನ್ನೆರಡು ಸಾವಿರ ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ರುದ್ರಮುನಿ ಬದಲಿ ಡಿಸ್ಕ್ ಹಾಕಿ, ಕೈ ತೊಳೆದು, ನದಿಯ ಕಡೆ ನಡೆದ.

ತಾಯಿ ಮೆಟ್ಟಿಲ ಮೇಲೆ ಕೂತು ಹರಿಯುವ ಕೆಂಪು ನೀರನ್ನು ನೋಡುತ್ತಿದ್ದರು. ಅವನು ಎರಡು ಮೆಟ್ಟಿಲು ಕೆಳಗೆ ಕೂತ.

“ತಾಯಿ, ಒಂದು ಕೇಳ್ಲೇನ್ರಿ?”

“ಕೇಳು.”

“ನೀವು ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಾಗ ಇದ್ದವರು. ಯಾವ ಹೊತ್ತಿಗೆ ಎಷ್ಟು ಮಂದಿ ಒಮ್ಮೆಲೇ ಫೋನ್ ಎತ್ತತಾರ ಅಂತ ಲೆಕ್ಕ ಹಾಕಿದವರು. ನಾನು ಆರು ಅಂತ ಬರಕೊಂಡು ಬಂದ ದಿನಾನ ನಿಮಗ ಗೊತ್ತಿರಬೇಕು. ಅವತ್ತ ನಲವತ್ತು ಅಂತ ಹೇಳಿಬಿಟ್ಟಿದ್ರ ಆಗ್ತಿತ್ತಲ್ರಿ. ಯಾಕ ಹೇಳಲಿಲ್ಲ?”

ತಾಯಿ ಅವನ ಕಡೆ ತಿರುಗಿದರು.

“ನಾನು ಮೂವತ್ತು ಅಂದುಕೊಂಡಿದ್ದೆ.”